ಗಾರೆ ಕೆಲಸದವನ ಕೈಯಲ್ಲಿ ಉಳಿದ ಕುಣಿತದ ಮಟ್ಟು

1899ರ ಡಿಸೆಂಬರ್ 26. ಕ್ರಿಸ್‌ಮಸ್ ಹಬ್ಬದ ಮಾರನೇ ದಿನ. ಇಂಗ್ಲೆಂಡಿನ ಆಕ್ಸ್‌ಫರ್ಡ್ ಪಕ್ಕದ ಹೆಡಿಂಗ್ಟನ್ ಎಂಬ ಊರು. ಬಿಳಿ ಬಟ್ಟೆ ತೊಟ್ಟು, ಮೊಣಕಾಲ ಕೆಳಗೆ ಗೆಜ್ಜೆ ಕಟ್ಟಿಕೊಂಡ ಗಂಡಸರ ತಂಡವೊಂದು ಒಂದು ಮನೆ ಮುಂದೆ ಬಂದು ಕುಣಿಯತೊಡಗಿತು.

ಇದಕ್ಕೆ ಮಾರಿಸ್ ಕುಣಿತ ಎನ್ನುತ್ತಾರೆ. ಆರು ಜನ ಎರಡು ಸಾಲಲ್ಲಿ ನಿಲ್ಲುತ್ತಾರೆ. ಕೆಲವು ಕುಣಿತಕ್ಕೆ ಕೈಯಲ್ಲಿ ಕರವಸ್ತ್ರ, ಕೆಲವಕ್ಕೆ ಕೋಲು. ಆ ಊರಲ್ಲಿ ಇದನ್ನು ಕುಣಿಯುತ್ತಿದ್ದದ್ದು ಮೇ-ಜೂನ್ ಹೊತ್ತಿಗೆ ಬರುವ ವಿಟ್ಸನ್ ಹಬ್ಬದಲ್ಲಿ. ಹಾಗಾದರೆ ಕೊರೆಯುವ ಚಳಿಯಲ್ಲಿ ಯಾಕೆ ಬಂದರು?

ಹೊಟ್ಟೆಪಾಡಿಗೆ. ಅವರಲ್ಲಿ ಕಟ್ಟಡ ಕೆಲಸದವರಿದ್ದರು. ನೀರು ಹೆಪ್ಪುಗಟ್ಟುವ ಚಳಿಗೆ ಗಾರೆ ಕೆಲಸ ನಿಂತುಹೋಗಿತ್ತು. ಕೆಲಸವಿಲ್ಲ, ಕೂಲಿಯೂ ಇಲ್ಲ. ನಾಲ್ಕು ಕಾಸು ಸಿಗಲಿ ಎಂದು ಕಾಲವಲ್ಲದ ಕಾಲದಲ್ಲಿ ಗೆಜ್ಜೆ ಕಟ್ಟಿದ್ದರು. ಹಾಗೆ ಬಂದದ್ದಕ್ಕೆ ಕ್ಷಮೆಯನ್ನೂ ಕೇಳಿದರು.

ತಂಡಕ್ಕೆ ವಾದ್ಯ ನುಡಿಸುತ್ತಿದ್ದವನು ವಿಲಿಯಂ ಕಿಂಬರ್. ವಯಸ್ಸು 27, ಕಸುಬು ಇಟ್ಟಿಗೆ ಕಟ್ಟುವುದು. ಅವನ ಕೈಲಿದ್ದದ್ದು ಕನ್ಸರ್ಟಿನಾ. ಎರಡು ಕೈಗಳ ನಡುವೆ ಹಿಡಿದು ಎಳೆದು ಒತ್ತುವ ಪುಟ್ಟ ತಿದಿ ವಾದ್ಯ. ಹಾರ್ಮೋನಿಯಂನ ಹಾಗೆ ಗಾಳಿಯಿಂದಲೇ ನುಡಿಯುತ್ತದೆ. ಅವನ ಅಪ್ಪನೂ ಇದೇ ಕುಣಿತದವನು.

ಆ ಮನೆಯಲ್ಲಿದ್ದವರು ಸಿಸಿಲ್ ಶಾರ್ಪ್, ಲಂಡನ್ನಿನ ಸಂಗೀತ ಮೇಷ್ಟ್ರು. ಹಬ್ಬಕ್ಕೆಂದು ಅತ್ತೆ ಮನೆಗೆ ಬಂದಿದ್ದರು. ಮರುದಿನ ಕಿಂಬರ್‌ನನ್ನು ಕರೆಸಿ, ನುಡಿಸಲು ಹೇಳಿ, ಐದು ಮಟ್ಟುಗಳನ್ನು ಬರೆದುಕೊಂಡರು. ಮುಂದೆ ಅವನಿಂದ ಇನ್ನಷ್ಟು ಮಟ್ಟುಗಳನ್ನು ಸಂಗ್ರಹಿಸಿದರು. ಅವುಗಳಲ್ಲಿ ಒಂದು 'ಕಂಟ್ರಿ ಗಾರ್ಡನ್ಸ್'. ಹಳ್ಳಿಯ ತೋಟಗಳು ಎಂದು ಅದರ ಅರ್ಥ.

ಈ ಮಟ್ಟು ಕಿಂಬರ್ ಕಟ್ಟಿದ್ದಲ್ಲ. 1728ರ ಒಂದು ಇಂಗ್ಲಿಷ್ ಸಂಗೀತ ನಾಟಕದಲ್ಲೇ ಅದು ಸಿಗುತ್ತದೆ. ಆದರೆ ಶಾರ್ಪ್ ಕಿವಿಗೆ ಅದು ಬಿದ್ದದ್ದು ಈ ಗಾರೆ ಕೆಲಸದವನ ಬೆರಳುಗಳಿಂದ.

1905ರಲ್ಲಿ ಮೇರಿ ನೀಲ್ ಎಂಬ ಮಹಿಳೆ ಕಿಂಬರ್‌ನನ್ನು ಲಂಡನ್ನಿಗೆ ಕರೆದರು. ದುಡಿದು ತಿನ್ನುವ ಬಡ ಹುಡುಗಿಯರಿಗಾಗಿ ಅವರು ಎಸ್ಪೆರಾನ್ಸ್ ಎಂಬ ಕ್ಲಬ್ ನಡೆಸುತ್ತಿದ್ದರು. ಗಂಡಸರ ಕುಣಿತವನ್ನು ಈ ಹುಡುಗಿಯರು ಕಲಿತರು, ಬೇರೆ ಊರುಗಳಿಗೆ ಹೋಗಿ ಕಲಿಸಿದರು. 1911ರಲ್ಲಿ ಶಾರ್ಪ್ ಇಂಗ್ಲಿಷ್ ಜಾನಪದ ನೃತ್ಯ ಸಂಘವನ್ನೇ ಕಟ್ಟಿದರು.

1918ರಲ್ಲಿ ಆಸ್ಟ್ರೇಲಿಯಾ ಮೂಲದ ಪರ್ಸಿ ಗ್ರೇಂಜರ್ ಅದೇ 'ಕಂಟ್ರಿ ಗಾರ್ಡನ್ಸ್' ಮಟ್ಟನ್ನು ಪಿಯಾನೊಗೆ ಅಳವಡಿಸಿದರು. ಅದು ಎಷ್ಟು ಜನಪ್ರಿಯವಾಯಿತೆಂದರೆ, ಹೋದಲ್ಲೆಲ್ಲ ಜನ ಅದನ್ನೇ ಕೇಳಿ ಕೇಳಿ ಗ್ರೇಂಜರ್‌ಗೇ ಬೇಸರ ಬಂದಿತ್ತು. ಇವತ್ತು ಆ ಮಟ್ಟು ಕೇಳಿದರೆ ಎಷ್ಟೋ ಜನರಿಗೆ ಮೊದಲು ನೆನಪಾಗುವುದು ಗ್ರೇಂಜರ್ ಹೆಸರು.

ಹಾಗಿದ್ದೂ ಕಿಂಬರ್ ಹೆಸರು ಅಳಿಯಲಿಲ್ಲ. ಮಟ್ಟು ಯಾರಿಂದ ಬಂತು ಎಂಬುದನ್ನೂ ಶಾರ್ಪ್ ಬರೆದಿಟ್ಟಿದ್ದರು. ಕಿಂಬರ್ ಮುಪ್ಪಿನವರೆಗೂ ನುಡಿಸಿದ. ಅವನ ವಾದನದ ಧ್ವನಿಮುದ್ರಣ ಈಗಲೂ ಇದೆ. ಹೆಡಿಂಗ್ಟನ್ನಿನ ಒಂದು ರಸ್ತೆಗೆ ಅವನ ಹೆಸರಿದೆ. ಅವನು ತೀರಿಕೊಂಡದ್ದು 1961ರಲ್ಲಿ, ಅದೇ ಡಿಸೆಂಬರ್ 26ರಂದು. ಆ ಚಳಿಯ ದಿನ ಕಳೆದು 62 ವರ್ಷವಾಗಿತ್ತು.

ಸುದ್ದಿಗೆಂದು ಊರೂರು ತಿರುಗುವ ನಮಗೂ ಇದು ಪಾಠ. ಹಾಡು, ಕುಣಿತವನ್ನು ಮೊಬೈಲಿನಲ್ಲಿ ಹಿಡಿದುಕೊಳ್ಳುವುದು ಈಗ ಸುಲಭ. ಹಾಡಿದವರು ಯಾರು, ಯಾವ ಊರಿನವರು, ಯಾರಿಂದ ಕಲಿತರು ಎಂದು ಕೇಳುವುದನ್ನು ನಾವೇ ಎಷ್ಟೋ ಸಲ ಮರೆತಿದ್ದೇವೆ. ಇನ್ನು ಮುಂದೆ ಮೊದಲು ಅದನ್ನು ಕೇಳುತ್ತೇವೆ. ನೀವೂ ಕೇಳಿ.