ಹಿತ್ತಲಿಗೆ ಬಂದ ವಸಂತ

ಪ್ರತಿ ವರ್ಷವೂ ಮಾರ್ಚಿ ತಿಂಗಳ ಸುಮಾರಿಗೆ ನಾನು ತರಗತಿಯಲ್ಲಿ ಅಷ್ಟಾದಶ ವರ್ಣನೆಗಳ ವಿಷಯವನ್ನು ಹೇಳಬೇಕಾಗುತ್ತದೆ. ಮಹಾಕಾವ್ಯವೆಂದ ಮೇಲೆ ಸಮುದ್ರ, ಪರ್ವತ, ಚಂದ್ರೋದಯಗಳಂತೆ ಋತುವೂ ಬರಬೇಕು, ವನವಿಹಾರವೂ ಬರಬೇಕು. ಋತುವೆಂದರೆ ನಮ್ಮ ಕವಿಗಳಿಗೆ ಮೊದಲು ನೆನಪಾಗುವುದು ವಸಂತ. ಮಾವು ಚಿಗುರುತ್ತದೆ, ಕೋಗಿಲೆ ಕೂಗುತ್ತದೆ, ಮಲ್ಲಿಗೆ ಬಿರಿಯುತ್ತದೆ, ತೆಂಕಣ ಗಾಳಿ ಮೆಲ್ಲನೆ ಬೀಸುತ್ತದೆ. ಇಷ್ಟು ವರ್ಷ ಪಾಠ ಹೇಳಿದರೂ ಆ ವನಗಳಲ್ಲಿ ಹುಳು ತಿಂದ ಒಂದೇ ಒಂದು ಎಲೆಯನ್ನು ನಾನು ಕಂಡವನಲ್ಲ.

ಪಾಠ ಮುಗಿಸಿ ಮನೆಗೆ ಬಂದರೆ ಬೇರೆಯೇ ವಸಂತ. ದಾಸವಾಳದ ಕುಡಿಗಳಿಗೆಲ್ಲ ಹಿಟ್ಟುತಿಗಣೆ ಹತ್ತಿ ಸುಣ್ಣ ಬಳಿದಂತಾಗಿರುತ್ತದೆ. ದಾಳಿಂಬೆಯ ಹೀಚನ್ನು ಅಳಿಲು ಕಚ್ಚಿ ನೋಡಿ, ರುಚಿಸದೆ ಕೆಳಗೆ ಎಸೆದಿರುತ್ತದೆ. ರಾತ್ರಿ ಬಂದ ಹೆಗ್ಗಣ ಗಿಡದ ಬುಡವನ್ನು ತೋಡಿ ಮಣ್ಣನ್ನು ಬಚ್ಚಲ ಬಾಗಿಲವರೆಗೂ ಹರಡಿರುತ್ತದೆ.

ನನ್ನದು ದೊಡ್ಡ ತೋಟವೇನೂ ಅಲ್ಲ. ಬೆಂಗಳೂರಿನ ಹಳೆಯ ಬಡಾವಣೆಯೊಂದರಲ್ಲಿ ತಂದೆಯವರು ಕಟ್ಟಿಸಿದ ಮನೆ. ಅದರ ಹಿಂದೆ ಹತ್ತಡಿ ಅಗಲ, ಮೂವತ್ತಡಿ ಉದ್ದದ ನೆಲ. ಅಲ್ಲಿ ಅಮ್ಮ ನೆಟ್ಟ ಮಲ್ಲಿಗೆಯ ಬಳ್ಳಿ, ಒಂದು ಕರಿಬೇವು, ಒಂದು ಪರಂಗಿ, ದಾಸವಾಳ, ದಾಳಿಂಬೆ, ಗೋಡೆಯ ಮೇಲೆ ಹಬ್ಬಿಸಿದ ಸೀಮೆಬದನೆ. ಇಷ್ಟೇ ಆಸ್ತಿ. 2024ರ ಮಾರ್ಚಿಯಲ್ಲಿ ಈ ಆಸ್ತಿಯೂ ಕೈಬಿಡುವ ಹಾಗಿತ್ತು. ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು. ಊರಿನ ಕೊಳವೆ ಬಾವಿಗಳು ಸಾಲುಸಾಲಾಗಿ ಬತ್ತಿದವು, ನಮ್ಮ ಬೀದಿಯದೂ ಬತ್ತಿತು. ಕುಡಿಯುವ ನೀರನ್ನು ಕೈತೋಟಕ್ಕೆ ಹಾಯಿಸಬಾರದು, ಹಾಯಿಸಿದರೆ 5000 ರೂಪಾಯಿ ದಂಡ ಎಂಬ ಆಜ್ಞೆ ಹೊರಟಿತು. ಆಜ್ಞೆ ನ್ಯಾಯವಾದದ್ದೇ, ಜನಕ್ಕೆ ಕುಡಿಯಲು ಇಲ್ಲದಾಗ ಮಲ್ಲಿಗೆಗೆ ಎಲ್ಲಿಂದ ತರೋಣ?

ಆ ಭಾನುವಾರ ಅಣ್ಣ ಬಂದಿದ್ದ. ಹಿತ್ತಲನ್ನು ಒಮ್ಮೆ ನೋಡಿ, “ಇನ್ನು ಈ ಮಣ್ಣಿನ ಸಹವಾಸ ಸಾಕು ಕಣೋ. ಇಲ್ಲೊಂದು ರೂಮು ಎಬ್ಬಿಸು, ಬಾಡಿಗೆಯಾದರೂ ಬರುತ್ತೆ” ಎಂದ. ನಾನು ಉತ್ತರ ಹೇಳಲಿಲ್ಲ. ಹೇಳಲು ಉತ್ತರವೂ ಇರಲಿಲ್ಲ. ಅಮ್ಮ ಮಾತ್ರ ಏನೂ ಕೇಳಿಸದವರಂತೆ ಅಕ್ಕಚ್ಚಿನ ಪಾತ್ರೆಯನ್ನು ಎತ್ತಿಕೊಂಡು ಮಲ್ಲಿಗೆಯ ಬುಡಕ್ಕೆ ನಡೆದರು.

ಕನ್ನಡದ ಮೇಷ್ಟರಿಗೆ ಉತ್ತರ ಸಿಕ್ಕದಾಗ ಉಳಿಯುವ ದಾರಿ ಒಂದೇ, ಹಳೆಯ ಪುಸ್ತಕ. ಕಾವ್ಯಗಳನ್ನು ಬಿಟ್ಟು ಶಾಸ್ತ್ರಗ್ರಂಥಗಳ ಕಡೆಗೆ ಹೊರಳಿದೆ. ಕ್ರಿ. ಶ. 1025ರ ಸುಮಾರಿನಲ್ಲಿ, ಚಾಲುಕ್ಯ ಜಯಸಿಂಹನ ಕಾಲದಲ್ಲಿ, ಚಾವುಂಡರಾಯನೆಂಬ ಕವಿ ‘ಲೋಕೋಪಕಾರ’ವೆಂಬ ಗ್ರಂಥವನ್ನು ಬರೆದ. ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯ ಬೇರೆ, ಈತ ಬೇರೆ. ಸಂಸಾರಸ್ಥನಿಗೆ ಬೇಕಾದ ವಿದ್ಯೆಗಳನ್ನೆಲ್ಲ ಒಂದೆಡೆ ಸೇರಿಸಿಟ್ಟ ಪುಸ್ತಕವದು. ಮನೆ ಕಟ್ಟುವುದು, ಅಡುಗೆ, ಸುಗಂಧ, ವೈದ್ಯ, ಇವುಗಳ ಜೊತೆಗೆ ನೆಲದಡಿಯ ನೀರನ್ನು ಗುರುತಿಸುವ ವಿದ್ಯೆಯೂ ವೃಕ್ಷಾಯುರ್ವೇದವೂ ಅದರಲ್ಲಿವೆ. ಅದಕ್ಕಿಂತ ಹಳೆಯದು ಆರನೆಯ ಶತಮಾನದ ವರಾಹಮಿಹಿರನ ‘ಬೃಹತ್ಸಂಹಿತೆ’. ಅಲ್ಲಿಯೂ ನೀರು ಹುಡುಕುವ ಅಧ್ಯಾಯದ ಬೆನ್ನಿಗೇ ಗಿಡಮರಗಳ ಅಧ್ಯಾಯ ಬರುತ್ತದೆ. ಚಳಿ, ಗಾಳಿ, ಬಿಸಿಲುಗಳಿಂದ ಮರಕ್ಕೆ ರೋಗ ಬರುತ್ತದೆಂದು ಹೇಳಿ, ಕೆಟ್ಟ ಭಾಗವನ್ನು ಕತ್ತರಿಸಿ ತೆಗೆದು ವಾಯುವಿಳಂಗ, ತುಪ್ಪ, ಕೆಸರುಗಳನ್ನು ಕಲಸಿ ಬಳಿಯಬೇಕೆಂದು ಚಿಕಿತ್ಸೆಯನ್ನೂ ಅವನು ವಿಧಿಸುತ್ತಾನೆ.

ರೋಗವಿಲ್ಲದಿದ್ದರೆ ವೈದ್ಯವೇಕೆ? ನೀರು ತಾನಾಗಿ ಬರುವಂತಿದ್ದರೆ ಅದನ್ನು ಹುಡುಕುವ ಶಾಸ್ತ್ರವೇಕೆ? ಕಾವ್ಯದ ವನದಲ್ಲಿ ಕಾಣದ ಹುಳುಗಳೆಲ್ಲ ಶಾಸ್ತ್ರದ ಅಧ್ಯಾಯದಲ್ಲಿ ಸಿಕ್ಕವು. ಒಂದೇ ಕಾಲದ ಜನ ಎರಡನ್ನೂ ಓದುತ್ತಿದ್ದರು: ಬೆಳಿಗ್ಗೆ ಮರಕ್ಕೆ ಮದ್ದು ಬಳಿದವನೇ ಸಂಜೆ ವಸಂತವರ್ಣನೆಗೆ ತಲೆದೂಗುತ್ತಿದ್ದನೆಂದು ಊಹಿಸಿದರೆ ತಪ್ಪಾಗಲಾರದು.

ಇನ್ನು ನಮ್ಮ ಊರಿನ ಕಥೆಗೆ ಬರೋಣ. ಬೆಂಗಳೂರಿಗೆ ದೊಡ್ಡ ನದಿಯಿಲ್ಲ. ಇದು ಕೆರೆಗಳನ್ನು ನಂಬಿ ಬೆಳೆದ ಊರು. ಧರ್ಮಾಂಬುಧಿ, ಕೆಂಪಾಂಬುಧಿ, ಸಂಪಂಗಿ ಮೊದಲಾದ ಕೆರೆಗಳ ನೀರಿನಿಂದ ಇಲ್ಲಿ ಹೂವು, ಹಣ್ಣು, ತರಕಾರಿಗಳನ್ನು ಬೆಳೆದವರಲ್ಲಿ ತಿಗಳರು ಮುಖ್ಯರು. ಇವರ ದೊಡ್ಡ ಹಬ್ಬವಾದ ಕರಗವು ಚೈತ್ರ ಪೌರ್ಣಿಮೆಯ ರಾತ್ರಿ ನಡೆಯುತ್ತದೆ. ತೋಟಗಾರರ ಹಬ್ಬ ವಸಂತದ ಹುಣ್ಣಿಮೆಗೇ ಬರುವುದು, ಹೊತ್ತವನ ತಲೆಯ ಮೇಲೆ ಕರಗವು ಮಲ್ಲಿಗೆಯಲ್ಲಿ ಮುಚ್ಚಿಹೋಗಿರುವುದು ಎಷ್ಟು ಸಹಜ! ಇಂದು ಧರ್ಮಾಂಬುಧಿಯ ಅಂಗಳದಲ್ಲಿ ಬಸ್ಸು ನಿಲ್ದಾಣವಿದೆ, ಸಂಪಂಗಿ ಕೆರೆಯಲ್ಲಿ ಕಂಠೀರವ ಕ್ರೀಡಾಂಗಣವಿದೆ. ಕ್ರೀಡಾಂಗಣದ ಪಕ್ಕದಲ್ಲಿ ಕೆರೆಯ ನೆನಪಿಗೆಂಬಂತೆ ಉಳಿದಿರುವ ಸಣ್ಣದೊಂದು ಕೊಳಕ್ಕೆ ಕರಗದವರು ಈಗಲೂ ಹೋಗುತ್ತಾರೆ. ಕೆರೆ ಹೋಯಿತು, ತೋಟಗಳು ಹೋದವು. ಹುಣ್ಣಿಮೆಯನ್ನು ಅವರು ಬಿಟ್ಟುಕೊಡಲಿಲ್ಲ.

1760ರಲ್ಲಿ ಹೈದರಾಲಿ ಲಾಲ್‌ಬಾಗಿಗೆ ಅಸ್ತಿಭಾರ ಹಾಕಿದ. ಟಿಪ್ಪು ದೂರದೇಶಗಳಿಂದ ಗಿಡಗಳನ್ನು ತರಿಸಿದ. 1856ರಲ್ಲಿ ಅದು ಸರ್ಕಾರದ ಸಸ್ಯೋದ್ಯಾನವಾಯಿತು. 1874ರಲ್ಲಿ ಅದರ ಮೇಲ್ವಿಚಾರಣೆಗೆ ಬಂದ ಕ್ಯಾಮರಾನ್ ಸಾಹೇಬರು ನೂರಾರು ಹೊರಗಿನ ಸಸ್ಯಗಳನ್ನು ಇಲ್ಲಿ ಬೆಳೆಸಿ ನೋಡಿದರು. ನಮ್ಮ ಗೋಡೆಯ ಮೇಲಿನ ಸೀಮೆಬದನೆಯನ್ನು ಈ ಊರಿಗೆ ತಂದವರು ಅವರೇ ಎನ್ನುತ್ತಾರೆ. ಅದು ಇಲ್ಲಿ ಎಷ್ಟು ಚೆನ್ನಾಗಿ ಹಬ್ಬಿತೆಂದರೆ ತಮಿಳರು ಅದನ್ನು ‘ಬೆಂಗಳೂರು ಕತ್ತರಿಕ್ಕಾಯಿ’ ಎಂದೇ ಕರೆದರು. ಅವರಿಗೆ ಅದು ಬೆಂಗಳೂರಿನದು, ಬೆಂಗಳೂರಿನವರಾದ ನಮಗೆ ಅದು ಸೀಮೆಯದು!

ನಮ್ಮ ಭಾಷೆಯೇ ಈ ವಲಸೆಯ ಲೆಕ್ಕವನ್ನು ಇಟ್ಟಿದೆ. ಪರಂಗಿಯವರ ಕಾಲದಲ್ಲಿ ಬಂದದ್ದು ಪರಂಗಿ ಹಣ್ಣು. ಮೆಣಸಿನ ಖಾರವನ್ನು ಹೊತ್ತು ಬಂದ ಕಾಯಿ ಮೆಣಸಿನಕಾಯಿಯಾಯಿತು. ಅಮೆರಿಕದ ಒಂದು ಹಣ್ಣು ಸೀತೆಯ ಹೆಸರನ್ನೇ ಪಡೆದು ಸೀತಾಫಲವಾಯಿತು. ನಮ್ಮ ಬಾಗಿಲ ತೋರಣಕ್ಕೆ ಬರುವ ಚೆಂಡುಹೂವೂ ಅಲ್ಲಿಯದೇ. ಹೊಸ ಮಣ್ಣಿನಲ್ಲಿ, ಹೊಸ ಹುಳುಗಳ ನಡುವೆ ಬೇರು ಬಿಟ್ಟು ಗೆದ್ದ ಗಿಡಗಳಿವು. ನನ್ನ ಹತ್ತಡಿ ನೆಲದಲ್ಲಿ ಮೂರು ಖಂಡಗಳ ಚರಿತ್ರೆಯಿದೆ.

ಈ ಗಿಡಗಳಿಗೆ ಮನೆಯ ಸುತ್ತ ಜಾಗ ದೊರೆತದ್ದು ಹೇಗೆ? ಅದರ ಹಿಂದೆ ಒಂದು ಸಂಕಟದ ಕಥೆಯಿದೆ. ಹಳೆಯ ಪೇಟೆಯ ಮನೆಗಳು ಗೋಡೆಗೆ ಗೋಡೆ ಅಂಟಿಕೊಂಡವು. ಗಾಳಿ ಬೆಳಕಿಗೆ ನಡುವೆ ತೊಟ್ಟಿ, ಹಸಿರಿಗೆ ತುಳಸಿಯ ಕಟ್ಟೆ. 1898ರಲ್ಲಿ ಪ್ಲೇಗು ಬಂತು. ಸಾವಿರಾರು ಜನ ಸತ್ತರು, ಬೀದಿಬೀದಿಗಳೇ ಖಾಲಿಯಾದವು. ಆ ದಶಕದಲ್ಲಿ ರೂಪುಗೊಳ್ಳುತ್ತಿದ್ದ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳಿಗೆ ಜನ ಹೋಗಿ ನೆಲೆಸಿದ್ದು ಈ ಭಯದಿಂದ. ಅಲ್ಲಿ ರಸ್ತೆಗಳು ಅಗಲವಾಗಿದ್ದವು; ಮನೆಯ ಸುತ್ತ ಗಾಳಿಯಾಡಲು ಜಾಗ ಬಿಡುವ ಪದ್ಧತಿ ಬೆಳೆಯಿತು. ಹಾಗೆ ಬಿಟ್ಟ ಜಾಗವೇ ಕಾಂಪೌಂಡು. ಅಲ್ಲೊಂದು ತೆಂಗು, ಇಲ್ಲೊಂದು ಸಂಪಿಗೆ, ಮೂಲೆಯಲ್ಲೊಂದು ಪಾರಿಜಾತ. ಬೆಂಗಳೂರಿನ ಮಧ್ಯಮವರ್ಗದ ಕೈತೋಟವೆಂಬುದು ಸುಖ ಹೆಚ್ಚಾಗಿ ಹುಟ್ಟಿದ್ದಲ್ಲ, ಸಾವಿನಿಂದ ತಪ್ಪಿಸಿಕೊಂಡು ಬಂದವರು ಮಾಡಿಕೊಂಡದ್ದು. 1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನಿಯ ಕ್ರುಂಬಿಗೆಲ್ ಅವರು ಬೀದಿಗಳಲ್ಲಿ ಒಂದಾದ ಮೇಲೊಂದು ಹೂಬಿಡುವ ಮರಗಳನ್ನು ನೆಡಿಸಿ ಈ ಹೊಸ ಬಡಾವಣೆಗಳ ಊರಿಗೆ ಬಣ್ಣ ತುಂಬಿದರು. ಎರಡು ಮಹಾಯುದ್ಧಗಳಲ್ಲಿಯೂ, ಜರ್ಮನಿಯವರೆಂಬ ಕಾರಣಕ್ಕೆ, ಅವರು ಬಂಧನದಲ್ಲಿರಬೇಕಾಯಿತು. ಎರಡು ಸಲವೂ ಬಿಡುಗಡೆಯಾಗಿ ಗಿಡಗಳ ಬಳಿಗೇ ಮರಳಿದರು.

ನೀರಿನ ಚಿಂತೆ ಮಾತ್ರ ಒಂದು ತಲೆಮಾರನ್ನೂ ಬಿಟ್ಟದ್ದಿಲ್ಲ. 1896ರಲ್ಲಿ ಹೆಸರಘಟ್ಟದ ನೀರು ನಲ್ಲಿಯಲ್ಲಿ ಬಂದಾಗ ಇನ್ನು ಕಷ್ಟ ತೀರಿತೆಂದುಕೊಂಡರು. ಅದು ಸಾಲದೆ 1930ರ ದಶಕದಲ್ಲಿ ತಿಪ್ಪಗೊಂಡನಹಳ್ಳಿಯಿಂದ ತಂದರು. ಅದೂ ಸಾಲದೆ 1974ರಲ್ಲಿ ಸುಮಾರು 100 ಕಿಲೋಮೀಟರು ದೂರದಿಂದ ಕಾವೇರಿಯನ್ನು ಏರಿಸಿ ತಂದರು. ಪ್ರತಿಸಲವೂ ಊರು ನೀರಿಗಿಂತ ಮುಂದೆ ಓಡಿತು. ಹಾಗಾದರೆ 2024ರ ಬೇಸಗೆ ನನ್ನೊಬ್ಬನಿಗೆ ಬಂದ ವಿಪತ್ತೇನೂ ಅಲ್ಲ. ನಮ್ಮ ಅಜ್ಜಿಯರೂ ಇದೇ ರೀತಿ ಅಕ್ಕಚ್ಚನ್ನು ಎತ್ತಿಟ್ಟವರೇ.

ಹುಳುವಿನ ಕಥೆ ಇನ್ನೂ ಸ್ವಾರಸ್ಯವಾಗಿದೆ. 2008ರಲ್ಲಿ ಕೊಯಮತ್ತೂರಿನ ಕಡೆ ಪರಂಗಿ ಗಿಡಕ್ಕೆ ಹೊಸದೊಂದು ಹಿಟ್ಟುತಿಗಣೆ ಕಾಣಿಸಿಕೊಂಡಿತು. ಅದರ ತವರು ಮೆಕ್ಸಿಕೊ ಕಡೆಯ ನಾಡು. ಪರಂಗಿಯ ತವರೂ ಅದೇ. ನೆಂಟನನ್ನು ಹುಡುಕಿಕೊಂಡು ನಾಲ್ಕು ಶತಮಾನ ತಡವಾಗಿ ಬಂದ ಅತಿಥಿಯಂತೆ ಅದು ಬಂತು. ಬಂದು ಪರಂಗಿಯನ್ನಲ್ಲದೆ ದಾಸವಾಳವನ್ನೂ ರೇಷ್ಮೆಯವರ ಹಿಪ್ಪುನೇರಳೆಯನ್ನೂ ಹಿಡಿಯಿತು. ಎಣ್ಣೆ, ಸಾಬೂನು, ಔಷಧಿ ಯಾವುದಕ್ಕೂ ಅದು ಸರಿಯಾಗಿ ಬಗ್ಗಲಿಲ್ಲ. 2010ರಲ್ಲಿ ಬೆಂಗಳೂರಿನಲ್ಲೇ ಇರುವ ಕೇಂದ್ರದ ಕೃಷಿಕೀಟ ಸಂಶೋಧನ ಸಂಸ್ಥೆಯವರು, ಈ ತಿಗಣೆಯ ಮೈಯಲ್ಲಿ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ಸಣ್ಣ ಕಣಜಗಳನ್ನು ಪೋರ್ಟೊರಿಕೊ ದ್ವೀಪದಿಂದ ತರಿಸಿ ಬೆಳೆಸಿ ಹೊಲತೋಟಗಳಿಗೆ ಬಿಟ್ಟರು. ಕಣ್ಣಿಗೆ ಸರಿಯಾಗಿ ಕಾಣದಷ್ಟು ಪುಟ್ಟ ಜೀವಿಗಳು. ಅವು ಬಂದ ಮೇಲೆ ತಿಗಣೆಯ ಹಾವಳಿ ಇಳಿಯಿತು. ಪೂರ್ತಿಯಾಗಿ ಹೋಗಲಿಲ್ಲ, ಹಿಡಿತದಲ್ಲಿ ನಿಂತಿತು. ತೋಟದವನು ಇದಕ್ಕಿಂತ ಹೆಚ್ಚನ್ನು ಬೇಡಬಾರದೆಂದು ಈಗ ನನಗೆ ತೋರುತ್ತದೆ.

ಅಣ್ಣನಿಗೆ ಹೇಳಬೇಕಾದ ಉತ್ತರ ಈ ಓದಿನಲ್ಲಿ ಸಿಕ್ಕಿತು. ತೊಂದರೆಗಳೆಲ್ಲ ಮುಗಿದ ಮೇಲೆ ತೋಟ ಮಾಡುತ್ತೇವೆಂದು ಕಾದಿದ್ದರೆ ಚಾವುಂಡರಾಯನ ಕಾಲದಿಂದ ಇಲ್ಲಿಯವರೆಗೆ ಈ ನಾಡಿನಲ್ಲಿ ಒಂದು ಮಲ್ಲಿಗೆಯೂ ಅರಳುತ್ತಿರಲಿಲ್ಲ. ವಸಂತವನ್ನು ಅನುಭವಿಸಿದವರೆಲ್ಲ ಒಂದು ಕೈಯಲ್ಲಿ ಹುಳು ತೆಗೆಯುತ್ತ, ಇನ್ನೊಂದು ಕೈಯಲ್ಲಿ ಹೂ ಬಿಡಿಸಿದವರು.

ಆ ವರ್ಷ ಮನೆಯವರೆಲ್ಲ ಸ್ನಾನದ ನೀರನ್ನು ಬಕೆಟ್ಟಿನಲ್ಲಿ ಹಿಡಿದೆವು. ಗಿಡಗಳ ಬುಡಕ್ಕೆ ಒಣಗಿದ ಎಲೆಯನ್ನು ಹಾಸಿದೆವು. ದಾಳಿಂಬೆ ಉಳಿಯಲಿಲ್ಲ. ಮಲ್ಲಿಗೆ ಅರ್ಧ ಒಣಗಿ ಅರ್ಧ ಉಳಿಯಿತು. ಕರಗದ ಹುಣ್ಣಿಮೆಯ ದಿನ ಬಿಡಿಸಿದ ಹೂ ಒಂದು ಬೊಗಸೆ ತುಂಬಲಿಲ್ಲ. ಕಟ್ಟಿದರೆ ಒಂದು ಗೇಣು. ಅಮ್ಮ ಅದನ್ನೇ ಮೂರು ತುಂಡು ಮಾಡಿ ಒಂದನ್ನು ದೇವರಿಗೆ ಇಟ್ಟು, ಒಂದನ್ನು ನನ್ನಾಕೆಗೆ ಕೊಟ್ಟು, ಇನ್ನೊಂದನ್ನು ಬಾಳೆಯೆಲೆಯಲ್ಲಿ ಸುತ್ತಿ, “ಅತ್ತಿಗೆಗೆ ಕೊಟ್ಟು ಬಾರೋ” ಎಂದು ನನ್ನನ್ನು ಅಣ್ಣನ ಮನೆಗೆ ಕಳಿಸಿದರು.

ಅಣ್ಣ ಈಗಲೂ ಬಂದಾಗೊಮ್ಮೆ ರೂಮಿನ ಮಾತನ್ನು ಎತ್ತುತ್ತಾನೆ. ನಾನು ಚಾವುಂಡರಾಯನಿಂದ ಆರಂಭಿಸಿ ಪೋರ್ಟೊರಿಕೊದವರೆಗೆ ಎಲ್ಲವನ್ನೂ ಹೇಳುತ್ತೇನೆ. ಅವನು ಅರ್ಧ ಕೇಳಿ ಆಕಳಿಸುತ್ತಾನೆ. ಹೊರಡುವ ಮುನ್ನ ಮಾತ್ರ ಮರೆಯದೆ ಹಿತ್ತಲಿಗೆ ಹೋಗಿ, ಹೊಸದಾಗಿ ಚಿಗುರಿದ ಕರಿಬೇವನ್ನು ಎರಡು ಹಿಡಿ ಕಿತ್ತು ಕೈಚೀಲಕ್ಕೆ ಹಾಕಿಕೊಳ್ಳುತ್ತಾನೆ.