ಶ್ರೀಕೃಷ್ಣ ಪಾರಿಜಾತ: ಅರ್ಥವಿವರಣೆಯ ಇತಿಹಾಸ

ಉತ್ತರ ಕರ್ನಾಟಕದ ಬಯಲಾಟಗಳಲ್ಲಿ ಒಂದಾದ ಶ್ರೀಕೃಷ್ಣ ಪಾರಿಜಾತವನ್ನು ಆಟಗಾರರೂ ವಿದ್ವಾಂಸರೂ ಅರ್ಥೈಸಿಕೊಂಡು ಬಂದ ಬಗೆಗಳ ಚರಿತ್ರೆಯು ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಗೆ ನಿಕಟವಾದುದು.

ಕಥೆಯ ಆಕರವು ಪೌರಾಣಿಕವಾದುದಾದರೂ ಪುರಾಣಗಳಲ್ಲಿ ಅದು ಒಂದೇ ರೂಪದಲ್ಲಿಲ್ಲ. ವಿಷ್ಣುಪುರಾಣದಲ್ಲಿ ಕೃಷ್ಣನೊಡನೆ ದೇವಲೋಕಕ್ಕೆ ಹೋದ ಸತ್ಯಭಾಮೆಯು ಅಲ್ಲಿಯ ಪಾರಿಜಾತ ವೃಕ್ಷವನ್ನು ತಾನೇ ಬಯಸುತ್ತಾಳೆ. ಹರಿವಂಶದಲ್ಲಿ ನಾರದನು ತಂದಿತ್ತ ಹೂವನ್ನು ಕೃಷ್ಣನು ರುಕ್ಮಿಣಿಗೆ ಕೊಟ್ಟದ್ದರಿಂದ ಸತ್ಯಭಾಮೆ ಮುನಿಯುತ್ತಾಳೆ. ಬಯಲಾಟವು ಈ ಎರಡನೆಯ ಜಾಡನ್ನು ಹಿಡಿದು, ಇಂದ್ರನೊಡನೆ ನಡೆಯುವ ಯುದ್ಧಕ್ಕಿಂತ ಸವತಿಯರ ಮುನಿಸಿಗೆ ಹೆಚ್ಚು ಎಡೆಗೊಟ್ಟು, ಗೊಲ್ಲತಿಯಂಥ ಪಾತ್ರವನ್ನೂ ಸೇರಿಸಿಕೊಂಡಿತು. ಕಥೆಯಲ್ಲಿ ಯಾವುದು ಮುಖ್ಯವೆಂಬ ಈ ಆಯ್ಕೆಯನ್ನೇ ಮೊದಲ ಅರ್ಥವಿವರಣೆಯೆಂದು ಎಣಿಸಬೇಕಾಗುತ್ತದೆ.

ಕರ್ತೃತ್ವದ ವಿಷಯದಲ್ಲಿ ಆಕರಗಳು ಒಮ್ಮತದಲ್ಲಿಲ್ಲ. ಕೆಲವು ಬರಹಗಳು ಕುಲಗೋಡ ತಮ್ಮಣ್ಣನನ್ನೇ ಕರ್ತೃವೆಂದು ಹೇಳಿದರೆ, ಬೇರೆ ಕೆಲವು ಅಪರಾಳ ತಮ್ಮಣ್ಣನನ್ನು ಮೂಲ ಕವಿಯೆಂದೂ ಕುಲಗೋಡದವನನ್ನು ಅದನ್ನು ತಿದ್ದಿ ಆಟಕ್ಕೆ ಒಗ್ಗಿಸಿದವನೆಂದೂ ಗುರುತಿಸುತ್ತವೆ. ಇಬ್ಬರಿಗೂ ಒಂದೇ ಹೆಸರಿರುವುದು ತೊಡಕನ್ನು ಹೆಚ್ಚಿಸಿದೆ. ಕುಲಗೋಡವು ಹಳೆಯ ಪುಸ್ತಕಗಳಲ್ಲಿ ಗೋಕಾಕ ತಾಲ್ಲೂಕಿನ ಊರಾಗಿಯೂ, ಮೂಡಲಗಿ ತಾಲ್ಲೂಕು ಪ್ರತ್ಯೇಕಗೊಂಡ ಬಳಿಕದ ಬರಹಗಳಲ್ಲಿ ಆ ತಾಲ್ಲೂಕಿನ ಊರಾಗಿಯೂ ಕಾಣುತ್ತದಾದರೂ, ಇವು ಎರಡು ಬೇರೆ ಊರುಗಳೆಂದು ಭ್ರಮಿಸಲು ಕಾರಣವಿಲ್ಲ. ಕರ್ತೃತ್ವದ ಪ್ರಶ್ನೆ ಬರಿಯ ಹೆಸರಿನ ಜಗಳವಲ್ಲ: ಕೃತಿಯು ಒಬ್ಬನದೆಂದರೆ ಅರ್ಥವನ್ನು ಕವಿಯ ಆಶಯದಲ್ಲಿ ಹುಡುಕಬೇಕಾಗುತ್ತದೆ, ಪದರಪದರವಾಗಿ ಬೆಳೆದದ್ದೆಂದರೆ ಆಡಿದವರ ಬಾಯಲ್ಲಿ ಹುಡುಕಬೇಕಾಗುತ್ತದೆ.

ಎರಡನೆಯ ನಿಲುವಿಗೆ ಆಟದ ರಚನೆಯೇ ಹೆಚ್ಚಿನ ಬಲ ಕೊಡುತ್ತದೆ. ಇದರಲ್ಲಿ ಹಾಡುಗಳು ಬಹುಮಟ್ಟಿಗೆ ಸ್ಥಿರ, ಮಾತುಗಳು ಅಲ್ಲ. ಹಾಡು ಮುಗಿದ ಮೇಲೆ ಭಾಗವತನು, ಅಂದರೆ ಆಟವನ್ನು ನಡೆಸುವ ಸೂತ್ರಧಾರನು, ಪಾತ್ರವನ್ನು ಪ್ರಶ್ನಿಸುತ್ತಾನೆ. ಪಾತ್ರಧಾರಿಯು ಹಾಡಿನ ಅರ್ಥವನ್ನು ಆಡುಮಾತಿನಲ್ಲಿ ಬಿಡಿಸುತ್ತ, ಸಂದರ್ಭ ನೋಡಿ ವೇದಾಂತವನ್ನೋ ಊರಿನ ಸಂಸಾರದ ಕಥೆಯನ್ನೋ ತರುತ್ತಾನೆ. ಹೀಗೆ ಸತ್ಯಭಾಮೆಯ ಅಹಂಕಾರವು ಒಂದು ರಾತ್ರಿ ಜೀವಾತ್ಮನ ಮದವಾಗಿ, ಇನ್ನೊಂದು ರಾತ್ರಿ ಸವತಿಯ ಸಂಕಟವಾಗಿ ಒಂದೇ ಹಾಡಿನಿಂದ ಹೊಮ್ಮಬಲ್ಲದು. ಮುದ್ರಿತ ಪುಸ್ತಕಗಳು ಹಾಡುಗಳನ್ನು ಉಳಿಸಿದಷ್ಟು ಈ ಮಾತುಗಳನ್ನು ಉಳಿಸಿಲ್ಲವಾದ್ದರಿಂದ, ಪುಸ್ತಕವನ್ನಷ್ಟೇ ನೆಚ್ಚಿದ ವಿಮರ್ಶೆಯು ಆಟದ ಅರ್ಧವನ್ನು ಮಾತ್ರ ಕಂಡಿದೆ.

ಕಾವ್ಯಶಾಸ್ತ್ರದ ದೃಷ್ಟಿಯಿಂದ ನೋಡುವವರಿಗೆ ಸತ್ಯಭಾಮೆಯು ಅಷ್ಟನಾಯಿಕೆಯರಲ್ಲಿ ಕಲಹಾಂತರಿತೆ, ಅಂದರೆ ಜಗಳವಾಡಿ ನಲ್ಲನನ್ನು ದೂರ ಮಾಡಿ ಆಮೇಲೆ ಪರಿತಪಿಸುವವಳು. ಆಂಧ್ರದ ಕೂಚಿಪೂಡಿಯ ಭಾಮಾಕಲಾಪದಲ್ಲಿಯೂ ಇದೇ ನಾಯಿಕೆ ಇದ್ದು, ಅಲ್ಲಿ ಆಕೆಯ ವಿರಹವನ್ನು ಪರಮಾತ್ಮನಿಗಾಗಿ ಜೀವಾತ್ಮನ ಹಂಬಲವೆಂದು ವಿವರಿಸುವುದು ರೂಢಿ. ಪಾರಿಜಾತಕ್ಕೂ ಈ ವಿವರಣೆ ಹೊಂದುತ್ತದಾದರೂ, ಅದರ ಒರಟು ವಿನೋದವು ಈ ಚೌಕಟ್ಟಿಗೆ ಸುಲಭವಾಗಿ ಒಗ್ಗುವುದಿಲ್ಲ. ಹಿಂದಿನ ಗೋಕಾಕ ತಾಲ್ಲೂಕಿನ ಕೌಜಲಗಿಯ ನಿಂಗಮ್ಮನಂಥ ಕಲಾವಿದೆಯರು ಪಾರಿಜಾತದಲ್ಲಿ ಹೆಸರಾದುದು ಈ ದೃಷ್ಟಿಯಿಂದ ಗಮನಾರ್ಹ. ಹೆಂಗಸಿನ ಮುನಿಸನ್ನು ಹೆಂಗಸೇ ರಂಗದಲ್ಲಿ ಆಡಿದಾಗ, ಗರ್ವಭಂಗದ ಕಥೆಯು ನ್ಯಾಯ ಕೇಳುವ ಕಥೆಯೂ ಆಗುತ್ತದೆ. ಶಾಸ್ತ್ರೀಯ ವಿವರಣೆಗಳು ಈ ಸಾಧ್ಯತೆಗೆ ಹೆಚ್ಚು ಗಮನ ಕೊಟ್ಟಿಲ್ಲ.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ವಿಶ್ವವಿದ್ಯಾಲಯಗಳ ಜಾನಪದ ಅಧ್ಯಯನವು ಆಟವನ್ನು ಪಠ್ಯಕ್ಕಿಂತ ಪ್ರದರ್ಶನವಾಗಿ ನೋಡತೊಡಗಿತು. ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಜನಿಸಿದ ಚಂದ್ರಶೇಖರ ಕಂಬಾರರು ಉತ್ತರ ಕರ್ನಾಟಕದ ಜನಪದ ರಂಗಭೂಮಿಯನ್ನು ಕುರಿತು ಸಂಶೋಧನೆ ನಡೆಸಿದ್ದಲ್ಲದೆ, ಬಯಲಾಟದ ಹಾಡು, ಸೂತ್ರಧಾರ, ಮಾತುಗಳ ಕ್ರಮವನ್ನು ತಮ್ಮ ನಾಟಕಗಳಿಗೆ ತಂದರು. ‘ಜೋಕುಮಾರಸ್ವಾಮಿ’ಯಲ್ಲಿ ಅವರು ಮಳೆಬೆಳೆಗಳಿಗೆ ಸಂಬಂಧಿಸಿದ ಜೋಕುಮಾರನ ಆಚರಣೆಯನ್ನು ಭೂಮಿ ಯಾರದು, ಉಳುವವನದೋ ಗೌಡನದೋ ಎಂಬ ಪ್ರಶ್ನೆಯಾಗಿ ಬಿಡಿಸಿರುವುದು, ಭಾಗವತನು ಪಾತ್ರವನ್ನು ಪ್ರಶ್ನಿಸಿ ಅರ್ಥ ಹೊರಡಿಸುವ ಹಳೆಯ ಪದ್ಧತಿಯ ಹೊಸ ಬಳಕೆಯೆನ್ನಬಹುದು. ಇತ್ತ ಇರುಳಿಡೀ ನಡೆಯುತ್ತಿದ್ದ ಪಾರಿಜಾತವು ಉತ್ಸವದ ವೇದಿಕೆಗಳಲ್ಲಿ ಕೆಲವೇ ಗಂಟೆಗಳಿಗೆ ಇಳಿದಾಗ ಮೊದಲು ಕತ್ತರಿಗೆ ಸಿಗುವುದು ಹಾಡಲ್ಲ, ಹಾಡಿನ ನಡುವಿನ ಮಾತು.