ಎಐ ಏಜೆಂಟ್‌ಗೆ ಟೂಲ್ ವಿವರಣೆ ಬರೆಯುವುದು ಹೇಗೆ?

ಕಾರ್ಯಕ್ರಮಗಳ ಪಟ್ಟಿ ಹುಡುಕುವುದು, ಸದಸ್ಯರಿಗೆ ಸಂದೇಶ ಕಳಿಸುವುದು, ಗ್ರಂಥಾಲಯದ ಪುಸ್ತಕ ನೋಡುವುದು ಮುಂತಾದ ಕೆಲಸಗಳನ್ನು ಈಗ ಸಣ್ಣ ಸಂಘಸಂಸ್ಥೆಗಳೂ ಎಐ ಏಜೆಂಟ್‌ಗೆ ಒಪ್ಪಿಸಬಹುದು. ಗಡಿನಾಡಿನ ನಮ್ಮ ಸಂಘಗಳಲ್ಲಿ ಇಂಥ ಕೆಲಸಕ್ಕೆ ಕೈಹಾಕುವ ಕಿರಿಯ ಬಂಧುಗಳಿಗಾಗಿ ಈ ಮಾಹಿತಿಯನ್ನು ಒಂದೆಡೆ ಕೊಟ್ಟಿದ್ದೇವೆ.

ಟೂಲ್ ಎಂದರೇನು?

ಭಾಷಾ ಮಾದರಿಯು ತಾನಾಗಿ ಡೇಟಾಬೇಸ್ ತೆರೆಯಲಾರದು, ಸಂದೇಶ ಕಳಿಸಲಾರದು. ಯಾವ ಟೂಲನ್ನು ಯಾವ ಮಾಹಿತಿಯೊಂದಿಗೆ ನಡೆಸಬೇಕು ಎಂದು ಅದು ಬರೆದುಕೊಡುತ್ತದೆ. ನಮ್ಮ ಪ್ರೋಗ್ರಾಂ ಅದನ್ನು ನಡೆಸಿ ಫಲಿತಾಂಶವನ್ನು ಮಾದರಿಗೆ ಮರಳಿಸುತ್ತದೆ. ಓಪನ್‌ಎಐ 2023ರ ಜೂನ್‌ನಲ್ಲಿ ತನ್ನ ಎಪಿಐಗೆ ಫಂಕ್ಷನ್ ಕಾಲಿಂಗ್ ಸೌಲಭ್ಯ ಸೇರಿಸಿತು. ಆಂಥ್ರೋಪಿಕ್ 2024ರ ನವೆಂಬರ್‌ನಲ್ಲಿ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್, ಅಂದರೆ ಎಂಸಿಪಿ ಎಂಬ ಮುಕ್ತ ಮಾನಕವನ್ನು ಪ್ರಕಟಿಸಿತು. ಎರಡರಲ್ಲೂ ಟೂಲಿಗೆ ಮುಖ್ಯವಾಗಿ ಮೂರು ಭಾಗಗಳಿವೆ: ಹೆಸರು, ವಿವರಣೆ, ಯಾವ ಯಾವ ಮಾಹಿತಿ ಕೊಡಬೇಕೆಂದು ತಿಳಿಸುವ ಸ್ಕೀಮಾ.

ಟೂಲಿನ ಒಳಗಿನ ಕೋಡ್ ಮಾದರಿಗೆ ಕಾಣುವುದಿಲ್ಲ. ಅದಕ್ಕೆ ಕಾಣುವುದು ಈ ಮೂರು ಭಾಗಗಳು ಮಾತ್ರ. ಆದ್ದರಿಂದ ಕೋಡ್ ಸರಿಯಿದ್ದರೂ ವಿವರಣೆ ಅಸ್ಪಷ್ಟವಾಗಿದ್ದರೆ ಕೆಲಸ ಕೆಡುತ್ತದೆ.

ವಿವರಣೆಯಲ್ಲಿ ಏನಿರಬೇಕು?

ಕಾರ್ಯಕ್ರಮ ಹುಡುಕುವ ಟೂಲ್ ಒಂದಿದೆ ಎಂದುಕೊಳ್ಳೋಣ. "ಕಾರ್ಯಕ್ರಮಗಳ ಮಾಹಿತಿ ಕೊಡುತ್ತದೆ" ಎಂದಷ್ಟೇ ಬರೆದರೆ, ಮುಗಿದ ಕಾರ್ಯಕ್ರಮವೋ ಮುಂದಿನದೋ ಎಂಬುದೂ ತಿಳಿಯುವುದಿಲ್ಲ. ಹೀಗೆ ಬರೆಯಬಹುದು:

"ಸಂಘದ ಮುಂದಿನ ಕಾರ್ಯಕ್ರಮಗಳನ್ನು ಊರು ಮತ್ತು ದಿನಾಂಕದ ಪ್ರಕಾರ ಹುಡುಕುತ್ತದೆ. ಕಾರ್ಯಕ್ರಮ ಎಲ್ಲಿ, ಯಾವಾಗ ಎಂದು ಕೇಳಿದಾಗ ಬಳಸಿ. ಮುಗಿದ ಕಾರ್ಯಕ್ರಮಗಳ ವರದಿಗೆ ಬಳಸಬೇಡಿ. ಅದಕ್ಕೆ ಬೇರೆ ಟೂಲ್ ಇದೆ. ಹೆಸರು, ದಿನಾಂಕ, ಸಮಯ, ಸ್ಥಳ ಕೊಡುತ್ತದೆ. ಬಸ್ಸಿನ ವೇಳೆ, ಊಟ, ವಸತಿಯ ವಿವರ ಇದರಲ್ಲಿಲ್ಲ. ಏನೂ ಸಿಗದಿದ್ದರೆ ಖಾಲಿ ಪಟ್ಟಿ ಬರುತ್ತದೆ."

ಏನು ಮಾಡುತ್ತದೆ, ಯಾವಾಗ ಬಳಸಬೇಕು, ಯಾವಾಗ ಬಳಸಬಾರದು, ಏನು ಮರಳಿಸುತ್ತದೆ, ಏನು ಇದರಲ್ಲಿಲ್ಲ ಎಂಬ ಐದೂ ಇಲ್ಲಿವೆ. ಕೊನೆಯದನ್ನು ಬಿಟ್ಟರೆ ಏಜೆಂಟ್ ಇಲ್ಲದ ಬಸ್ಸಿನ ವೇಳೆಯನ್ನು ತಾನೇ ಊಹಿಸಿ ಹೇಳುವ ಅಪಾಯವಿದೆ.

ದಿನಾಂಕ ಮತ್ತು ಊರಿನ ಹೆಸರು

05-11 ಎಂದರೆ ನಮಗೆ ನವೆಂಬರ್ 5. ಅಮೆರಿಕದ ರೂಢಿಯಲ್ಲಿ ಮೇ 11. ಆದ್ದರಿಂದ ವರ್ಷ, ತಿಂಗಳು, ದಿನ ಎಂಬ ಐಎಸ್‌ಒ 8601 ಕ್ರಮದಲ್ಲಿ, ಉದಾಹರಣೆಗೆ 2025-11-05 ಎಂದು ಕೊಡಬೇಕೆಂದು ಸ್ಕೀಮಾದಲ್ಲೇ ಬರೆಯಬೇಕು.

ಊರಿನ ಹೆಸರಿನಲ್ಲಿ ತೊಡಕು ಇನ್ನೂ ಹೆಚ್ಚು. ಸೊಲ್ಲಾಪುರವನ್ನು ಸೋಲಾಪುರ ಎಂದೂ ಬರೆಯುತ್ತಾರೆ. ಊಟಿಯೂ ಉದಕಮಂಡಲವೂ ಒಂದೇ. ರಾಯದುರ್ಗ ಎಂದರೆ ಅನಂತಪುರ ಜಿಲ್ಲೆಯ ಊರೂ ಹೌದು, ಹೈದರಾಬಾದಿನ ಮೆಟ್ರೊ ನಿಲ್ದಾಣವೂ ಹೌದು. ಹೊಸೂರು ಎಂಬ ಹೆಸರಿನ ಊರುಗಳು ಕರ್ನಾಟಕದೊಳಗೂ ಹಲವಿವೆ. ಬರೀ "ಊರು" ಎಂದು ಕೇಳುವ ಬದಲು ಊರಿನೊಂದಿಗೆ ಜಿಲ್ಲೆಯನ್ನೂ ಕೇಳಬೇಕು. ಸಾಧ್ಯವಾದರೆ ಒಪ್ಪುವ ಹೆಸರುಗಳ ಪಟ್ಟಿಯನ್ನೇ ಸ್ಕೀಮಾದಲ್ಲಿ ಕೊಡಬೇಕು. ತಪ್ಪು ದಿನಾಂಕ ನಂಬಿ ಜತ್ತದಿಂದ ಸೊಲ್ಲಾಪುರಕ್ಕೆ ಬಸ್ಸು ಹತ್ತಿ ಬರುವ ಹಿರಿಯರಿಗೆ ತೊಂದರೆ ಯಾವುದರಿಂದ ಆಯಿತೆಂಬುದು ಮುಖ್ಯವಲ್ಲ. ಮುಚ್ಚಿದ ಸಭಾಭವನದ ಮುಂದೆ ನಿಲ್ಲುವವರು ಅವರು.

ಓದುವ ಟೂಲ್, ಬದಲಿಸುವ ಟೂಲ್

ಮಾಹಿತಿ ಓದುವುದು ಒಂದು, ಸಂದೇಶ ಕಳಿಸುವುದು ಅಥವಾ ದಾಖಲೆ ಅಳಿಸುವುದು ಇನ್ನೊಂದು. ಎರಡನ್ನೂ ಒಂದೇ ಟೂಲಿನಲ್ಲಿ ಸೇರಿಸಬಾರದು. ಕಳಿಸುವ ಟೂಲಿನ ವಿವರಣೆಯಲ್ಲಿ "ಕಳಿಸಿದ್ದನ್ನು ಹಿಂಪಡೆಯಲಾಗದು, ಎಷ್ಟು ಜನರಿಗೆ ಹೋಗುತ್ತದೆಂದು ತೋರಿಸಿ ಒಪ್ಪಿಗೆ ಪಡೆಯಿರಿ" ಎಂದು ಬರೆಯಬೇಕು. ಓದಲು ಮಾತ್ರ ಇರುವ ಟೂಲ್ ಯಾವುದು, ಅಳಿಸಬಲ್ಲದ್ದು ಯಾವುದು ಎಂದು ಗುರುತಿಸಲು ಎಂಸಿಪಿಯಲ್ಲಿ ಅವಕಾಶವಿದೆ. ಆದರೆ ಅದು ಸೂಚನೆ ಮಾತ್ರ, ಬೀಗವಲ್ಲ. ಒಪ್ಪಿಗೆಯಿಲ್ಲದೆ ಸಂದೇಶ ಹೋಗದಂತೆ ಪ್ರೋಗ್ರಾಂನಲ್ಲೇ ತಡೆ ಹಾಕಬೇಕು.

ದೋಷದ ಸಂದೇಶವೂ ವಿವರಣೆಯೇ

"ದೋಷ 400" ಎಂಬ ಉತ್ತರದಿಂದ ಏಜೆಂಟ್‌ಗೆ ಏನೂ ತಿಳಿಯದು. "ದಿನಾಂಕವನ್ನು 2025-11-05 ರೂಪದಲ್ಲಿ ಕೊಡಿ" ಎಂದರೆ ತಿದ್ದಿಕೊಂಡು ಮತ್ತೆ ಪ್ರಯತ್ನಿಸುತ್ತದೆ.

ಕನ್ನಡದಲ್ಲಿ ಬರೆಯಬಹುದೇ?

ವಿವರಣೆಯನ್ನು ಬರೆಯಬಹುದು. ಟೂಲಿನ ಹೆಸರಿಗೆ ಮಾತ್ರ ಪ್ರಮುಖ ಎಪಿಐಗಳು ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳನ್ನೇ ಕೇಳುತ್ತವೆ. ಒಂದೇ ವಿಷಯಕ್ಕೆ ಕನ್ನಡ ಪಠ್ಯವು ಸಾಮಾನ್ಯವಾಗಿ ಇಂಗ್ಲಿಷಿಗಿಂತ ಹೆಚ್ಚು ಟೋಕನ್ ತೆಗೆದುಕೊಳ್ಳುತ್ತದೆ. ವಿವರಣೆ ಪ್ರತಿ ಕೋರಿಕೆಯೊಂದಿಗೂ ಹೋಗುವುದರಿಂದ ಖರ್ಚು ಬೆಳೆಯುತ್ತದೆ. ವಿವರಣೆ ಇಂಗ್ಲಿಷಿನಲ್ಲಿದ್ದರೂ ಊರಿನ ಹೆಸರು, ಹಬ್ಬದ ಹೆಸರುಗಳ ಉದಾಹರಣೆಯನ್ನು ಕನ್ನಡದಲ್ಲೇ ಕೊಡುವುದು ಒಳ್ಳೆಯದು.

ಪರೀಕ್ಷೆ

ಸದಸ್ಯರು ಕೇಳುವ ರೀತಿಯಲ್ಲೇ ಇಪ್ಪತ್ತು ಪ್ರಶ್ನೆ ಬರೆದುಕೊಳ್ಳಿ. ಮರಾಠಿ, ಮಲಯಾಳಂ, ತಮಿಳು, ತೆಲುಗು ಬೆರೆತ ಕನ್ನಡದ ಪ್ರಶ್ನೆಗಳೂ ಇರಲಿ. ಪ್ರತಿ ಪ್ರಶ್ನೆಗೆ ಏಜೆಂಟ್ ಯಾವ ಟೂಲ್ ಆರಿಸಿತು, ಯಾವ ಮಾಹಿತಿ ಕೊಟ್ಟಿತು ಎಂದು ನೋಡಿ, ತಪ್ಪಿದಲ್ಲಿ ಮೊದಲು ವಿವರಣೆಯನ್ನು ತಿದ್ದಿ. ಕಂಪ್ಯೂಟರ್ ಗೊತ್ತಿಲ್ಲದ ಹಿರಿಯರೊಬ್ಬರಿಗೂ ವಿವರಣೆಯನ್ನು ಓದಿ ಹೇಳಿ. "ಯಾವ ರಾಯದುರ್ಗ?" ಎಂದು ಅವರು ಕೇಳಿದರೆ, ಅಲ್ಲಿ ಇನ್ನೊಂದು ಸಾಲು ಬರೆಯುವುದು ಬಾಕಿ ಇದೆ.